ಐನೂರರಲ್ಲಿ ಮುನ್ನೂರ ಅರವತ್ತು ಹೋದರೆ: ಹೊಸಕೋಟೆಯ ಟಿಪ್ಪಣಿಗಳು

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ನಾನು ಉಳಿದುಕೊಂಡಿರುವ ಮನೆಯ ಎದುರಿಗೇ ಒಂದು ದಿನಸಿ ಅಂಗಡಿ. ನಡೆಸುವವರು ಒಬ್ಬ ಅಜ್ಜಿ. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಗಲ್ಲಾದ ಪಕ್ಕ ಬಂದು ಕೂರುತ್ತಾಳೆ, ನಾಲ್ಕನೇ ಕ್ಲಾಸು. ಬೇಳೆ, ಎಣ್ಣೆ, ಸೋಪು ಎಲ್ಲ ಸೇರಿ ಮುನ್ನೂರ ಅರವತ್ತು ರೂಪಾಯಿ ಆಯಿತು. ಐನೂರರ ನೋಟು ಕೊಟ್ಟೆ. ಅಜ್ಜಿ ಕನ್ನಡಕ ಹುಡುಕುತ್ತ, ಎಷ್ಟು ಕೊಡಬೇಕೆಂದು ತೆಲುಗಿನಲ್ಲಿ "ಎಂತ ಇವ್ವಾಲೆ?" ಎಂದು ಕೇಳುವಷ್ಟರಲ್ಲಿ ಹುಡುಗಿ ಹತ್ತರ ನಾಲ್ಕು ನೋಟು, ನೂರರ ಒಂದು ನೋಟು ತೆಗೆದು ಮುಂದಿಟ್ಟಾಗಿತ್ತು. ಅಜ್ಜಿಗೆ "ನೂಟ ನಲಭೈ" ಎಂದಳು, ನನಗೆ "ನೂರಾ ನಲವತ್ತು ಸಾರ್" ಎಂದಳು.

ಗೋಣಿಚೀಲದ ಮೇಲೆ ಅವಳ ಲೆಕ್ಕದ ಪುಸ್ತಕ ತೆರೆದೇ ಇತ್ತು. ಪುಟದ ತುಂಬ ಕೆಂಪು ಇಂಟು ಗುರುತು. ಎಲ್ಲವೂ ಕಳೆಯುವ ಲೆಕ್ಕಗಳು. ಕುತೂಹಲಕ್ಕೆ ಒಂದು ಹಾಳೆಯ ಮೇಲೆ 500, ಅದರ ಕೆಳಗೆ 360 ಬರೆದು, ಕಳಿ ನೋಡೋಣಮ್ಮ ಎಂದೆ. ಬೇಗನೆ ಬರೆದಳು: 260. ಆಗತಾನೇ ನನಗೆ ಕೊಟ್ಟಿದ್ದ ಚಿಲ್ಲರೆ ಹಾಳೆಯ ಪಕ್ಕದಲ್ಲೇ ಇತ್ತು. ಅದನ್ನೂ ನೋಡಿದಳು, ಇದನ್ನೂ ನೋಡಿದಳು. ಎರಡೂ ಬೇರೆಬೇರೆ ಎಂಬುದು ಅವಳಿಗೆ ತೊಂದರೆಯಾಗಿ ಕಾಣಲೇ ಇಲ್ಲ. ನನಗೆ ಮಾತ್ರ ಆ ರಾತ್ರಿ ಅದೇ ಯೋಚನೆ.

*

ಹುಡುಗಿ ಸುಮ್ಮನೆ ತಪ್ಪು ಮಾಡಿರಲಿಲ್ಲ. ಸೊನ್ನೆಯಲ್ಲಿ ಸೊನ್ನೆ ಹೋದರೆ ಸೊನ್ನೆ. ಸೊನ್ನೆ ಮತ್ತು ಆರು ಬಂದಾಗ ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ಆರು. ಐದರಲ್ಲಿ ಮೂರು ಹೋಗಿ ಎರಡು. ಪುಸ್ತಕದ ಉಳಿದ ಲೆಕ್ಕಗಳನ್ನೂ ನೋಡಿದೆ. ಅಲ್ಲೆಲ್ಲ ಇದೇ ನಿಯಮ: ಮೇಲೆ ಯಾವುದಿರಲಿ, ಕೆಳಗೆ ಯಾವುದಿರಲಿ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ತೆಗೆ. ಅವಳು ಕಲಿತ ಮೊದಲ ಕಳೆಯುವ ಲೆಕ್ಕಗಳಲ್ಲಿ, ಅಂದರೆ ದಶಕ ತೆಗೆದುಕೊಳ್ಳುವ ಅಗತ್ಯವೇ ಇಲ್ಲದ ಲೆಕ್ಕಗಳಲ್ಲಿ, ಈ ನಿಯಮ ಪ್ರತಿಸಲವೂ ಸರಿ ಉತ್ತರ ಕೊಟ್ಟಿತ್ತು. ಅವಳು ಅದನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕಗಳ ತಪ್ಪುಗಳನ್ನು ಹೀಗೇ ಬಿಡಿಸಿ ನೋಡಿದ್ದರು. ಬಹಳಷ್ಟು ತಪ್ಪುಗಳು ಅಡ್ಡಾದಿಡ್ಡಿ ಅಲ್ಲ, ಮಗು ತಾನೇ ಕಟ್ಟಿಕೊಂಡ ಒಂದು ತಪ್ಪು ಕ್ರಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ ಎಂಬುದು ಅವರು ಕಂಡದ್ದು. ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವರು ಪಟ್ಟಿಮಾಡಿದ ಕ್ರಮಗಳಲ್ಲಿ ತೀರ ಸಾಮಾನ್ಯವಾದದ್ದು. ಕೆಂಪು ಇಂಟು ಗುರುತು ಉತ್ತರ ತಪ್ಪು ಎಂದಷ್ಟೇ ಹೇಳುತ್ತದೆ. ಯಾವ ನಿಯಮ ತಪ್ಪು ಎಂದು ಆ ಹುಡುಗಿಗೆ ಯಾರು ಹೇಳಬೇಕು?

*

ಇದು ಹೊಸಕೋಟೆಯೊಂದರ ಕತೆಯಲ್ಲ. ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲಿ ತೆರೆಸಿನಾ ನುನೆಸ್ ಮತ್ತು ಅವರ ಜೊತೆಗಾರರು ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಮೊದಲು ಗಿರಾಕಿಗಳಂತೆ ಮಾತನಾಡಿಸಿದರು. ಆಮೇಲೆ ಅದೇ ಲೆಕ್ಕಗಳನ್ನು ಕಾಗದದ ಮೇಲೆ ಕೊಟ್ಟರು. 1985ರಲ್ಲಿ ಪ್ರಕಟವಾದ ಅಧ್ಯಯನ ಅದು. ಬೀದಿಯಲ್ಲಿ ನೂರಕ್ಕೆ ತೊಂಬತ್ತೆಂಟು ಉತ್ತರ ಸರಿ, ಕಾಗದದ ಮೇಲೆ ಬರೀ ಅಂಕಿ ಕೊಟ್ಟಾಗ ನೂರಕ್ಕೆ ಮೂವತ್ತೇಳು. ಒಂದು ತೆಂಗಿನಕಾಯಿಗೆ ಮೂವತ್ತೈದಾದರೆ ಹತ್ತಕ್ಕೆ ಎಷ್ಟು ಎಂದು ಕೇಳಿದರೆ, ಹನ್ನೆರಡು ವರ್ಷದ ಹುಡುಗ ಮೂರು ಕಾಯಿಗೆ ನೂರೈದು, ಇನ್ನು ಮೂರಕ್ಕೆ ಇನ್ನೂರ ಹತ್ತು, ಮತ್ತೆ ಮೂರಕ್ಕೆ ಮುನ್ನೂರ ಹದಿನೈದು ಎಂದು ಏರುತ್ತ, ಕೊನೆಗೆ ಒಂದು ಕಾಯಿ ಸೇರಿಸಿ ಮುನ್ನೂರೈವತ್ತಕ್ಕೆ ಬಂದ. ಸೊನ್ನೆ ಹಚ್ಚಿದರೆ ಸಾಕು ಎಂಬುದನ್ನು ಶಾಲೆ ಅವನಿಗೆ ಹೇಳಿಕೊಟ್ಟಿತ್ತು. ಅವನು ಅದನ್ನು ಬಳಸಲೇ ಇಲ್ಲ.

ನಮ್ಮಲ್ಲೂ ಇದನ್ನು ಗಮನಿಸಿದವರಿದ್ದಾರೆ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಅರಿಂದಮ್ ಬೋಸ್ ಮತ್ತು ಕೆ.ಸುಬ್ರಮಣಿಯಂ ಅವರು ಧಾರಾವಿಯ ಸಣ್ಣ ಸಣ್ಣ ಕಾರ್ಖಾನೆಗಳ ನಡುವೆ ಬೆಳೆಯುವ ಮಕ್ಕಳ ಅಳತೆ, ಎಣಿಕೆ, ಪಾಲುಲೆಕ್ಕಗಳನ್ನು ದಾಖಲಿಸಿದರು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತಾ, ದೆಹಲಿಯ ಸಂತೆಗಳಲ್ಲಿ ಮಾಡಿದ ದೊಡ್ಡ ಅಧ್ಯಯನ ನೇಚರ್ ಪತ್ರಿಕೆಯಲ್ಲಿ ಬಂತು. ಅಂಗಡಿಯಲ್ಲಿ ಕೂತ ಮಕ್ಕಳಿಗೆ ಪುಸ್ತಕದ ಲೆಕ್ಕ ಬಾರದು, ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳಿಗೆ ಅಂಗಡಿ ಲೆಕ್ಕ ಬಾರದು. ಎರಡೂ ಕಡೆಯಿಂದ ನಷ್ಟವೇ.

ಕನ್ನಡದಲ್ಲಿ 12ನೇ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರ ಗಣಿತ ಬರೆದ. ಕೊಡು-ಕೊಳ್ಳುವ ಲೆಕ್ಕ ನಮ್ಮಲ್ಲಿ ಗ್ರಂಥವಾದದ್ದು ಇಂದು ನಿನ್ನೆಯಲ್ಲ. ಆ ಲೆಕ್ಕವೇ ಮಗುವಿನ ಬಾಯಲ್ಲಿರುವಾಗ ತರಗತಿಯೊಳಗೆ ಅದಕ್ಕೆ ಜಾಗವಿಲ್ಲದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

*

ಈಗ ಇನ್ನೊಂದು ಮಗುವಿನ ವಿಚಾರ. ಅದೇ ಬೀದಿಯ ಕೊನೆಯಲ್ಲಿ ಮಗ್ಗದ ಮನೆ. ಹೊಸಕೋಟೆ ರೇಷ್ಮೆ ಸೀರೆಯ ಊರು. ಬೆಳಗಾದರೆ ಮನೆಮನೆಯಿಂದ ಲಾಳಿಯ ಸದ್ದು. ಆ ಮನೆಯ ಹುಡುಗ ಐದನೇ ಕ್ಲಾಸು. ಕನ್ನಡ ಪಾಠ ಸರಾಗವಾಗಿ ಓದುತ್ತಾನೆ, ಕತೆ ಹೇಳಿದರೆ ಮಾತುಮಾತು ನೆನಪಿಟ್ಟುಕೊಂಡು ಹೇಳುತ್ತಾನೆ, ಸೀರೆ ಅಂಚಿನ ಹಂಸವನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬಿಡಿಸುತ್ತಾನೆ. ಅವನ ತಾಯಿ ಕಂಡಿಕೆ ಸುತ್ತುತ್ತಲೇ ಹೇಳಿದರು: "ಎಲ್ಲದರಲ್ಲೂ ಚುರುಕು ಸಾರ್. ಲೆಕ್ಕ ಅಂದ್ರೆ ಅತ್ತುಬಿಡ್ತಾನೆ."

ಮಕ್ಕಳು ಜಗುಲಿಯಲ್ಲಿ ಚೌಕಾಬಾರ ಆಡುತ್ತಿದ್ದರು. ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿತ್ತೋ ಅಷ್ಟು ಮನೆ. ನಾಲ್ಕೂ ಹಾಗೆ ಬಿದ್ದರೆ ಚೌಕ, ಒಂದೂ ಇಲ್ಲದಿದ್ದರೆ ಬಾರ, ಎಂಟು. ಕವಡೆ ನೆಲ ಮುಟ್ಟಿದ ಕೂಡಲೇ ಉಳಿದ ಮಕ್ಕಳು "ಮೂರು!" ಎಂದು ಕೂಗುತ್ತಿದ್ದರು. ಈ ಹುಡುಗ ಪ್ರತಿ ಸಲವೂ ಕವಡೆಯ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿಯೇ ಹೇಳುತ್ತಿದ್ದ. ಎಷ್ಟು ಆಡಿದರೂ ಅದು ಬದಲಾಗಲಿಲ್ಲ. ಕಾಯಿ ನಡೆಸುವಾಗ ಈಗ ನಿಂತಿರುವ ಮನೆಯನ್ನೂ ಸೇರಿಸಿ ಎಣಿಸುತ್ತಿದ್ದ, ಗೆಳೆಯರು ತಿದ್ದುತ್ತಿದ್ದರು. ಏಳು ದೊಡ್ಡದೋ ಒಂಬತ್ತು ದೊಡ್ಡದೋ ಎಂದು ಕೇಳಿದೆ. ತುಟಿ ಅಲ್ಲಾಡಿಸುತ್ತ ಒಂದರಿಂದ ಎಣಿಸಿಕೊಂಡು ಬಂದು ಒಂಬತ್ತು ಎಂದ. ಎರಡರ ಮಗ್ಗಿ ಕೇಳಿದರೆ ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ರಾಗವಾಗಿ ಹೇಳಿ ಮುಗಿಸುತ್ತಾನೆ. ಎರಡಾರ್ಲ ಎಷ್ಟು ಎಂದು ನಡುವಿನಿಂದ ಕೇಳಿದರೆ ಮತ್ತೆ ಮೊದಲಿನಿಂದ.

ಶಾಲೆಯ ಪಟ್ಟಿಯಲ್ಲಿ ಈ ಇಬ್ಬರೂ ಒಂದೇ. ಇಬ್ಬರೂ "ಲೆಕ್ಕದಲ್ಲಿ ವೀಕು". ಇಬ್ಬರಿಗೂ ಒಂದೇ ಪರಿಹಾರ: ಹೆಚ್ಚು ಲೆಕ್ಕ ಮಾಡಿಸುವುದು.

ಕಣ್ಣಿಗೆ ಕಾಣುವಷ್ಟು ಬೇರೆಯಾದ ಎರಡು ತೊಂದರೆಗಳಿಗೆ ಒಂದೇ ಹೆಸರು ಯಾಕೆ ಬಿತ್ತು ಎಂಬುದೇ ನನ್ನ ಒಗಟು. ಮುಂದಿನ ಟಿಪ್ಪಣಿಗಳೆಲ್ಲ ಅದರ ಹಿಂದೆ ಹೋದವು.

*

ಲೆಕ್ಕಕ್ಕೆ ಸಂಬಂಧಿಸಿದ ಒಂದು ವಿಶೇಷ ತೊಡಕನ್ನು ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ಬ್ರಾಟಿಸ್ಲಾವಾದ ಲಾದಿಸ್ಲಾವ್ ಕೊಶ್ಚ್ 1974ರಲ್ಲಿ ಇದಕ್ಕೊಂದು ಸ್ಪಷ್ಟ ವ್ಯಾಖ್ಯೆ ಕೊಟ್ಟರು; ಆ ಊರಿನ ಐದನೇ ತರಗತಿಯ ಮಕ್ಕಳಲ್ಲಿ ಶೇ 6.4ರಷ್ಟು ಮಂದಿಗೆ ಇದು ಇದೆ ಎಂದು ಲೆಕ್ಕ ಹಾಕಿದರು. ಲಂಡನ್ನಿನ ಬ್ರಯಾನ್ ಬಟರ್‌ವರ್ತ್ ಪ್ರಕಾರ ಇದರ ಬೇರು ಬಹಳ ಕೆಳಗಿದೆ: ಮೂರು-ನಾಲ್ಕು ಚುಕ್ಕೆಗಳನ್ನು ಕಂಡ ಕೂಡಲೇ ಎಷ್ಟೆಂದು ಹೇಳುವ, ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಥಟ್ಟನೆ ಗುರುತಿಸುವ ಶಕ್ತಿಯಲ್ಲೇ ಕೊರತೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಕವಡೆಯ ಮೇಲೆ ಬೆರಳಿಟ್ಟ ಹುಡುಗ ಕಣ್ಣ ಮುಂದೆ ಬಂದ. ಆಟ ನೋಡಿ ರೋಗ ಹೇಳುವುದು ಸಲ್ಲದು; ಆದರೆ ಯಾರಾದರೂ ತಿಳಿದವರು ಅವನನ್ನು ನೋಡಲೇಬೇಕು ಎನಿಸಿತು.

ತಿಳಿದವರು ದೂರದ ದೇಶದಲ್ಲೇ ಇರಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಹುಟ್ಟಿದ್ದು, ಎನ್‌ಸಿಇಆರ್‌ಟಿಗೆ ಸೇರಿದ್ದು, ಮೈಸೂರು ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿರುವುದು. ಅಲ್ಲಿ ವಿಶೇಷ ಶಿಕ್ಷಣದ ಪ್ರಾಧ್ಯಾಪಕಿಯಾಗಿದ್ದ ಎಸ್.ರಮಾ ಮತ್ತು ಐ.ಪಿ.ಗೌರಮ್ಮ ಕನ್ನಡದ ಮಕ್ಕಳ ನಡುವೆಯೇ ಈ ಕೆಲಸ ಮಾಡಿದರು. ಅದಕ್ಕೂ ಮೊದಲು ರಮಾ ಅವರು ಲಲಿತಮ್ಮ ಮತ್ತು ವೇಲ್ಸ್‌ನ ಟಿ.ಆರ್.ಮೈಲ್ಸ್ ಅವರೊಡನೆ ಕನ್ನಡ ಓದುವ ಮಕ್ಕಳ ಡಿಸ್‌ಲೆಕ್ಸಿಯಾ ಬಗ್ಗೆ ಬರೆದಿದ್ದರು. ಅದು 1993ರ ಮಾತು. ಇಂಗ್ಲಿಷಿಗೆಂದು ಹೊಲಿದ ಅಂಗಿಯನ್ನು ಕನ್ನಡದ ಮಗುವಿಗೆ ತೊಡಿಸದೆ, ಕನ್ನಡದ ಲಿಪಿಯಲ್ಲಿ, ಕನ್ನಡದ ತರಗತಿಯಲ್ಲಿ ತೊಡಕು ಹೇಗೆ ಕಾಣುತ್ತದೆ ಎಂದು ಹುಡುಕಿದವರು ಇವರು.

2002ರಲ್ಲಿ ಪ್ರಕಟವಾದ ರಮಾ-ಗೌರಮ್ಮ ಅಧ್ಯಯನದಲ್ಲಿ ಎರಡು ಭಾಗ. ಮೊದಲನೆಯದರಲ್ಲಿ 251 ಪ್ರಾಥಮಿಕ ಶಾಲಾ ಮಕ್ಕಳಲ್ಲಿ 15 ಮಂದಿಗೆ ಡಿಸ್ಕ್ಯಾಲ್ಕುಲಿಯಾ, ಅಂದರೆ ಶೇ 5.98. ಎರಡನೆಯದರಲ್ಲಿ 1408 ಮಕ್ಕಳಲ್ಲಿ 78 ಮಂದಿಗೆ, ಶೇ 5.54. ಬ್ರಾಟಿಸ್ಲಾವಾಕ್ಕೂ ಮೈಸೂರಿಗೂ ಇಷ್ಟು ಹತ್ತಿರದ ಅಂಕಿ ಬಂದದ್ದು ಗಮನಿಸಬೇಕಾದ ಮಾತು. ಮೂವತ್ತು ಮಕ್ಕಳ ಕೋಣೆಯಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ ಎಂದಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂಕಿಗಿಂತ ಅವರು ನಡೆದ ಕ್ರಮ. ಲೆಕ್ಕದಲ್ಲಿ ಹಿಂದುಳಿದ ಮಗು ಸಿಕ್ಕಿದ ಕೂಡಲೇ ಹೆಸರು ಕೊಡುವುದಿಲ್ಲ. ಮೊದಲು ಲೆಕ್ಕದ ಪರೀಕ್ಷೆಯಲ್ಲಿ ಯಾವ ಬಗೆಯ ತಪ್ಪು, ಎಲ್ಲಿ ತಪ್ಪು ಎಂದು ನೋಡುತ್ತಾರೆ. ಇದಕ್ಕಾಗಿ ಪ್ರಾಥಮಿಕ ಶಾಲಾ ಮಕ್ಕಳಿಗೆಂದೇ ರಮಾ ಅವರು ಒಂದು ಅಂಕಗಣಿತ ಪರೀಕ್ಷೆ ಸಿದ್ಧಪಡಿಸಿದ್ದರು. ಆಮೇಲೆ ಒಂದೊಂದೇ ಬೇರೆ ಕಾರಣವನ್ನು ತೆಗೆದುಹಾಕುತ್ತ ಬರುತ್ತಾರೆ. ಶಾಲೆಗೆ ಸರಿಯಾಗಿ ಬಂದಿಲ್ಲವೇ? ಕಣ್ಣು, ಕಿವಿ ಸರಿಯಿದೆಯೇ? ಒಟ್ಟಾರೆ ಬುದ್ಧಿಮಟ್ಟ ಹೇಗಿದೆ? ಮನಸ್ಸಿಗೆ ಏನಾದರೂ ಭಾರವಿದೆಯೇ? ಇವೆಲ್ಲ ತೆಗೆದ ಮೇಲೂ ಉಳಿಯುವ ತೊಡಕಿಗೆ ಮಾತ್ರ ಆ ಹೆಸರು. ಅದರಲ್ಲೂ ಓದು-ಬರಹದ ತೊಡಕು ಜೊತೆಗಿರುವ ಮಕ್ಕಳನ್ನೂ ಲೆಕ್ಕ ಒಂದರಲ್ಲೇ ತೊಡಕಿರುವ ಮಕ್ಕಳನ್ನೂ ಬೇರೆ ಮಾಡುತ್ತಾರೆ, ಏಕೆಂದರೆ ಕಲಿಸುವ ದಾರಿ ಬೇರೆ.

ಮಗುವಿನ ಮೇಲೆ ಒಂದು ಹೆಸರು ಅಂಟಿಸುವ ಮೊದಲು ಇಷ್ಟು ತಡೆದು ನೋಡುವುದು ನನಗೆ ದೊಡ್ಡ ಗುಣವಾಗಿ ಕಂಡಿತು. ಈ ಜರಡಿ ನಮ್ಮ ಪ್ರತಿ ಶಾಲೆಗೂ ಬೇಕು.

*

ಆ ಜರಡಿಯನ್ನು ಹೊಸಕೋಟೆಗೆ ತಂದು ನೋಡಿದರೆ ಒಗಟು ಇನ್ನಷ್ಟು ಬಿಗಿಯಾಗುತ್ತದೆ.

ಮೊದಲನೆಯದು ಹಾಜರಿ. ಪಾವಗಡ ಬರದ ತಾಲ್ಲೂಕು. ಮಳೆ ಕೈಕೊಟ್ಟ ವರ್ಷ ಶೇಂಗಾ ಬಿತ್ತಿದವರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ದಶಕ ತೆಗೆದುಕೊಳ್ಳುವ ಲೆಕ್ಕ ಕಲಿಸಿದ ತಿಂಗಳೇ ಮಗು ಯಾವುದೋ ಕಟ್ಟಡದ ಶೆಡ್ಡಿನಲ್ಲಿದ್ದರೆ, ಆಮೇಲಿನ ಮೆಟ್ಟಿಲುಗಳೆಲ್ಲ ಅದಕ್ಕೆ ಗಾಳಿಯಲ್ಲಿ. ಇಂಥ ಮಗುವಿಗೆ ತೊಡಕಿಲ್ಲ, ಪಾಠ ತಪ್ಪಿದೆ ಅಷ್ಟೆ.

ಎರಡನೆಯದು ಕಿವಿ. ಸೋರುವ ಕಿವಿಯ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಮಗು ಸಂಖ್ಯೆಗಳನ್ನು ಹೆಚ್ಚಾಗಿ ಕೇಳಿಸಿಕೊಂಡೇ ಕಲಿಯುತ್ತದೆ.

ಮೂರನೆಯದು ಭಾಷೆ. ಇಲ್ಲಿ ನಾನು ಬಹಳ ಹೊತ್ತು ನಿಂತೆ.

*

ತುಮಕೂರು ಜಿಲ್ಲೆಯ ಉತ್ತರ ತುದಿಯ ಈ ಸೀಮೆಯನ್ನು ಆಂಧ್ರ ಬಹುಪಾಲು ಸುತ್ತುವರಿದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಲವು ಕಡೆ ಈಗ ಇಂಗ್ಲಿಷ್ ವಿಭಾಗವೂ ಸೇರಿದೆ. ಮಗು ಮೊದಲು ಎಣಿಸುವುದು ಒಕಟಿ, ರೆಂಡು, ಮೂಡು. ಶಾಲೆಯಲ್ಲಿ ಒಂದು, ಎರಡು, ಮೂರು. ಅಂಕಿ ಬರೆಯುವುದು ಮಾತ್ರ ಒಂದೇ ರೀತಿ.

ಎರಡೂ ಭಾಷೆ ಒಂದೇ ಕುಟುಂಬದವು, ಎರಡರಲ್ಲೂ ಹತ್ತು ಮೊದಲು ಬಂದು ಬಿಡಿ ಆಮೇಲೆ ಬರುತ್ತದೆ: ಇಪ್ಪತ್ತೊಂದು, ಇರವೈ ಒಕಟಿ. ಇದು ಮಕ್ಕಳಿಗೆ ಅನುಕೂಲ. ತೊಡಕು ಬರುವುದು ಕೆಲವು ಮೂಲೆಗಳಲ್ಲಿ. ಕನ್ನಡದಲ್ಲಿ ಏಳು ಎಪ್ಪತ್ತಾಗುತ್ತದೆ, ಸಂಬಂಧ ಕಿವಿಗೇ ಗೊತ್ತಾಗುತ್ತದೆ. ತೆಲುಗಿನಲ್ಲಿ ಏಡು ಡೆಬ್ಬೈ ಆಗುತ್ತದೆ, ಏನೂ ಗೊತ್ತಾಗುವುದಿಲ್ಲ. ಕನ್ನಡದ ಹತ್ತೊಂಬತ್ತು ಮತ್ತು ತೊಂಬತ್ತು ಬೇಗ ಹೇಳಿದರೆ ಎಷ್ಟು ಹತ್ತಿರ! ಒಬ್ಬ ಮೇಷ್ಟರ ಜೊತೆ ಕೂತು ಎರಡನೇ ತರಗತಿಯ ಉಕ್ತಲೇಖನ ನೋಡಿದೆ. ಹತ್ತೊಂಬತ್ತು ಎಂದು ಹೇಳಿದ್ದಕ್ಕೆ 90 ಬರೆದ ಮಕ್ಕಳು ಹಲವರು. ನೂರಾ ಒಂಬತ್ತಕ್ಕೆ 1009 ಬರೆದವರೂ ಇದ್ದರು. ಅವರು ಕೇಳಿಸಿದ್ದನ್ನು ಹಾಗೆಯೇ ಬರೆದಿದ್ದರು, ಮೊದಲು 100, ಪಕ್ಕದಲ್ಲಿ 9. ಮೇಷ್ಟರು ಹತ್ತೊಂಬತ್ತನ್ನು ತೆಲುಗಿನಲ್ಲಿ ಪಂತೊಮ್ಮಿದಿ ಎಂದು ಮತ್ತೊಮ್ಮೆ ಹೇಳಿದರು. 90 ಬರೆದಿದ್ದವರಲ್ಲಿ ಕೆಲವರು ತಾವೇ ಅಳಿಸಿ 19 ಮಾಡಿದರು.

ಆ ಕೆಲವು ಮಕ್ಕಳಿಗೆ ಲೆಕ್ಕ ಗೊತ್ತಿತ್ತು. ಅವರಿಗೆ ತೊಡಕಾದದ್ದು ಕೇಳಿದ ಮಾತು. ಕನ್ನಡದಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರೆ ಅವರೂ "ವೀಕು" ಪಟ್ಟಿಗೆ ಹೋಗುತ್ತಿದ್ದರು. ಆ ಮೇಷ್ಟರು ಮಾಡಿದ್ದು ಅರ್ಧ ನಿಮಿಷದ ಕೆಲಸ. ನಾನು ಕಂಡ ಒಳ್ಳೆಯ ವಿಶೇಷ ಶಿಕ್ಷಣಗಳಲ್ಲಿ ಅದೂ ಒಂದು, ಅವರು ಅದಕ್ಕೆ ಆ ಹೆಸರು ಇಟ್ಟುಕೊಂಡಿರಲಿಲ್ಲ.

ಮಗ್ಗದ ಮನೆಯ ಹುಡುಗ? ಅವನಿಗೆ ತೆಲುಗಿನಲ್ಲಿ ಕೇಳಿದರೂ ಬೆರಳೇ ಬೇಕಾಯಿತು.

*

ಅಂಗಡಿಯ ಹುಡುಗಿಯಂಥ ಬಾಯಿಲೆಕ್ಕವನ್ನು ದೊಡ್ಡವರಲ್ಲೂ ಕಂಡೆ, ನಾಗಲಮಡಿಕೆ ಹೋಬಳಿಯ ಕಡೆ ಹೋದಾಗ. ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಕೊಟ್ಟ ಸೀಮೆ. 2050 ಮೆಗಾವಾಟ್ ಸಾಮರ್ಥ್ಯ. ಜಮೀನನ್ನು ಮಾರಿಸದೆ ಗುತ್ತಿಗೆಗೆ ಪಡೆದದ್ದು, ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಶಾಲೆ ಅರ್ಧಕ್ಕೇ ಬಿಟ್ಟ ರೈತರೊಬ್ಬರು ಬೀಡಿ ಹಚ್ಚುವಷ್ಟರಲ್ಲಿ ಹೇಳಿದರು: ಇಪ್ಪತ್ತೊಂದು ಸಾವಿರಕ್ಕೆ ಸಾವಿರದ ಐವತ್ತು, ಇಪ್ಪತ್ತೆರಡು ಸಾವಿರದ ಐವತ್ತಾಯಿತು, ಅದರ ಮೇಲೆ ಮತ್ತೆ ನೂರಕ್ಕೆ ಐದು. ಚಕ್ರಬಡ್ಡಿಯ ಸೂತ್ರ ಅವರ ಬಾಯಲ್ಲಿ ಬರಲಿಲ್ಲ. ಲೆಕ್ಕ ಒಂದು ರೂಪಾಯಿಯೂ ತಪ್ಪಲಿಲ್ಲ.

*

ಇನ್ನು ಮಗ್ಗದ ಮನೆಯ ಹುಡುಗನಂಥವರಿಗೆ ಬೇಕಾಗಬಹುದಾದ ಸರ್ಟಿಫಿಕೇಟಿನ ಮಾತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಕಲಿಕೆಯ ತೊಡಕು ಅದರಲ್ಲಿರಲಿಲ್ಲ. 2016ರ ಹೊಸ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಡಿಸ್ಕ್ಯಾಲ್ಕುಲಿಯಾ ಅದರೊಳಗೆ ಹೆಸರಿಸಿ ಬಂತು. 2018ರ ಜನವರಿಯ ಕೇಂದ್ರ ಮಾರ್ಗಸೂಚಿ, ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು ಎಂದಿತು. ಆಮೇಲೆ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು ನೋಡಬೇಕು ಎಂದಿತು. ನಿರ್ಣಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛವನ್ನು ಬಳಸಬೇಕು ಎಂದಿತು. ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಪರೀಕ್ಷೆ ಎಂದೂ ಅದರಲ್ಲಿತ್ತು.

ಕಾಗದದ ಮೇಲೆ ಒಳ್ಳೆಯ ಏರ್ಪಾಡು. ಮಗ್ಗದ ಮನೆಯಿಂದ ನೋಡಿದರೆ ಬೇರೆ ಚಿತ್ರ. ಹೊಸಕೋಟೆಯಿಂದ ತುಮಕೂರಿಗೇ ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿಗೆ ಅಥವಾ ಬೆಂಗಳೂರಿಗೆ ಮಗನನ್ನು ಕರೆದೊಯ್ದರೆ ಅಷ್ಟು ದಿನ ಲಾಳಿ ನಿಂತಿತು, ಕೂಲಿ ಹೋಯಿತು. ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ತಾಯಿಗೆ ಆ ಕಾಗದ ಸಿಕ್ಕರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಸಿಗುತ್ತದೆ, ಅದು ಸಣ್ಣದಲ್ಲ. ಆದರೆ ಮೊದಲ ಮೆಟ್ಟಿಲು, ಅಂದರೆ ಶಿಕ್ಷಕರ ತಪಾಸಣೆ, ಇಲ್ಲೇ ಈ ಊರಿನಲ್ಲೇ ಆಗಬೇಕಾದದ್ದು. ನಾನು ಮಾತನಾಡಿಸಿದ ಮೇಷ್ಟರುಗಳು, ಮೇಡಂಗಳು ಡಿಸ್‌ಲೆಕ್ಸಿಯಾ ಹೆಸರು ಕೇಳಿದ್ದರು, ಸಿನಿಮಾದಿಂದ. ಡಿಸ್ಕ್ಯಾಲ್ಕುಲಿಯಾ ಕೇಳಿರಲಿಲ್ಲ. ಮೈಸೂರಿನ ಅಧ್ಯಯನ ಕನ್ನಡದ ಮಕ್ಕಳ ಮೇಲೆ ನಡೆದು, ಇಂಗ್ಲಿಷ್ ನಿಯತಕಾಲಿಕದಲ್ಲಿ ಬಂದು, ಕನ್ನಡದ ಮೇಷ್ಟರ ಮೇಜಿಗೆ ಮರಳಿ ಬರಲಿಲ್ಲ. ಇದು ಸಂಶೋಧಕರ ತಪ್ಪೆಂದು ನಾನು ಹೇಳಲಾರೆ. ತಂದು ಮುಟ್ಟಿಸುವ ಕೆಲಸವನ್ನು ಯಾರೂ ತಮ್ಮದೆಂದು ತೆಗೆದುಕೊಂಡಿಲ್ಲ.

ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಬಿಐಇಆರ್‌ಟಿ ಎನ್ನುತ್ತಾರೆ, ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಹಾಸಿಗೆ ಹಿಡಿದ ಮಕ್ಕಳ ಮನೆಗೂ ಅವರೇ ಹೋಗಬೇಕು. ನಡೆಯುವ, ಮಾತನಾಡುವ, ಚಿತ್ರ ಬಿಡಿಸುವ ಹುಡುಗನ ಸರದಿ ಯಾವಾಗ ಬಂದೀತು?

*

ಶಾಲೆಯಲ್ಲಿ ಏನೂ ಇಲ್ಲ ಎಂದು ಯಾರೂ ತಿಳಿಯಬಾರದು. ಬೇಕಾದ ಸಾಮಾನು ಅರ್ಧದಷ್ಟು ಅಲ್ಲೇ ಇದೆ.

ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾದ ಪದ್ಧತಿ, ಆಂಧ್ರದ ರಿಷಿವ್ಯಾಲಿಯಿಂದ ಪ್ರೇರಣೆ ಪಡೆದದ್ದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿ ಎಷ್ಟು ದಿನದಿಂದ ನಿಂತಿದೆ ಎಂಬುದು ಅಲ್ಲೇ ಗುರುತಾಗಿರುತ್ತದೆ. ತಪಾಸಣೆಗೆ ಇದಕ್ಕಿಂತ ಒಳ್ಳೆಯ ದಾಖಲೆ ಇನ್ನೆಲ್ಲಿ ಸಿಗಬೇಕು? ಮಗ್ಗದ ಮನೆಯ ಹುಡುಗ ಮೂರು ವರ್ಷ ಆ ಏಣಿಯ ಮೇಲೇ ಇದ್ದವನು.

ಅಕ್ಷರ ಫೌಂಡೇಶನ್ ಸರ್ಕಾರದ ಜೊತೆಗೂಡಿ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ ಕೂಡ ಸರ್ಕಾರಿ ಶಾಲೆಗಳಿಗೆ ಬಂದಿದೆ: ಮಣಿಚೌಕಟ್ಟು, ಬಿಡಿ-ಹತ್ತು-ನೂರರ ತುಂಡುಗಳು, ಭಿನ್ನರಾಶಿಯ ಪಟ್ಟಿಗಳು. ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆಗಳೂ ನಡೆಯುತ್ತವೆ, ಊರವರು ಬಂದು ಕೂರುತ್ತಾರೆ. ಲೆಕ್ಕ ಊರಿನ ಮಾತಾಗುವುದು ಒಳ್ಳೆಯದೇ. ಅದೇ ಸ್ಪರ್ಧೆಯ ದಿನ ಕೊನೆಯ ಸಾಲಿನಲ್ಲಿರುವ ಮಗುವಿನ ಬಗ್ಗೆಯೂ ಒಂದು ಮಾತಿರಲಿ ಎಂದು ನನ್ನ ಆಸೆ.

ಅಂಗಡಿಯ ಹುಡುಗಿಯ ಜೊತೆ ಆ ತುಂಡುಗಳನ್ನು ಇಟ್ಟುಕೊಂಡು ಕೂತೆ. ನೂರರ ಐದು ಫಲಕ ಇಟ್ಟಳು. ಮುನ್ನೂರ ಅರವತ್ತು ತೆಗಿ ಎಂದೆ. ಮೂರು ಫಲಕ ತೆಗೆದಳು. ಅರವತ್ತಕ್ಕೆ ಕೈ ಹಾಕಿ ನಿಂತಳು, ಹತ್ತರ ಕಡ್ಡಿ ಒಂದೂ ಇಲ್ಲ. "ಚಿಲ್ಲರೆ ಮಾಡಿಸ್ಬೇಕು ಸಾರ್" ಎಂದು, ಒಂದು ಫಲಕ ಕೊಟ್ಟು ಹತ್ತು ಕಡ್ಡಿ ತೆಗೆದುಕೊಂಡಳು. ಆರು ತೆಗೆದಳು, ಉಳಿದದ್ದನ್ನು ಎಣಿಸಿದಳು. ಈಗ ಅದನ್ನೇ ಬರೆ ಎಂದೆ. ಐದನ್ನು ಹೊಡೆದು ನಾಲ್ಕು ಮಾಡಿದಳು, ಸೊನ್ನೆಯ ತಲೆಯ ಮೇಲೆ ಹತ್ತು ಬರೆದಳು. 140. ಪುಟದ ಹಳೆಯ ಲೆಕ್ಕಗಳನ್ನು ತಾನೇ ಒಂದೊಂದಾಗಿ ತಿದ್ದತೊಡಗಿದಳು. ಅವಳಿಗೆ ಬೇಕಿದ್ದದ್ದು ಗಲ್ಲಾದ ಲೆಕ್ಕದಿಂದ ಪುಸ್ತಕದ ಲೆಕ್ಕಕ್ಕೆ ಒಂದು ಸೇತುವೆ.

ಹುಡುಗನ ಜೊತೆಯೂ ಕೂತೆ. ಅವನಿಗೆ ಫಲಕಗಳಿಂದ ಪ್ರಯೋಜನವಾಗಲಿಲ್ಲ, ಒಂದು ಫಲಕ ನೂರು ಎಂಬುದೇ ಅವನಿಗೆ ನಂಬಿಕೆಯ ಮಾತು. ಅವನ ಕೆಲಸ ಇನ್ನೂ ಕೆಳಗಿನಿಂದ ಆಗಬೇಕು: ಮೂರನ್ನು ಮೂರಾಗಿ ಕಾಣುವುದು, ಐದರೊಳಗೆ ಎರಡು ಮತ್ತು ಮೂರು ಇರುವುದನ್ನು ಕಾಣುವುದು, ಸಂಖ್ಯಾರೇಖೆಯ ಮೇಲೆ ಹೆಜ್ಜೆ ಹಾಕುವುದು. ದಿನಕ್ಕೆ ಸ್ವಲ್ಪ, ಬಹಳ ದಿನ, ಅಳು ತರಿಸದಂತೆ. ಇದು ಕಲಿತವರು ಮಾಡಬೇಕಾದ ಕೆಲಸ. ಬರಿಯ ಅನುಕಂಪ ಸಾಲದು.

*

ಇಷ್ಟು ಬರೆದ ಮೇಲೆ ನನ್ನ ತೀರ್ಮಾನ ಹೇಳಿಬಿಡುತ್ತೇನೆ. "ಲೆಕ್ಕದಲ್ಲಿ ವೀಕು" ಎಂಬ ಪಟ್ಟಿಯನ್ನು ಶಾಲೆಗಳು ಕೈಬಿಡಬೇಕು. ಅದರ ಬದಲು ಪ್ರತಿ ಮಗುವಿಗೆ ಒಂದು ಪುಟ ಸಾಕು. ಒಂದೇ ಲೆಕ್ಕವನ್ನು ಬಾಯಲ್ಲಿ ಮನೆಮಾತಿನಲ್ಲಿ ಕೇಳಿದಾಗ ಏನು ಹೇಳಿತು, ದುಡ್ಡು ಕೊಟ್ಟು ಕೇಳಿದಾಗ ಏನು ಮಾಡಿತು, ಕಾಗದದ ಮೇಲೆ ಹೇಗೆ ಬರೆಯಿತು. ಉತ್ತರ ಸರಿಯೋ ತಪ್ಪೋ ಎಂಬುದರ ಜೊತೆಗೆ, ತಪ್ಪಾದರೆ ಯಾವ ತಪ್ಪು ಎಂದು ಬರೆದಿಡುವುದು. ಮೂರರಲ್ಲಿ ಒಂದರಲ್ಲಿ ಸರಿಯಿದ್ದರೂ ಆ ಮಗುವಿಗೆ ತರಗತಿಯಲ್ಲೇ ದಾರಿಯಿದೆ. ಮೂರರಲ್ಲೂ, ತಿಂಗಳುಗಟ್ಟಲೆ, ಒಂದೇ ರೀತಿ ಎಡವುವ ಮಗುವನ್ನು ತಜ್ಞರ ಬಳಿ ಕಳಿಸಬೇಕು; ಕಳಿಸುವಾಗ ಆ ಪುಟವನ್ನೂ ಜೊತೆಗೆ ಕಳಿಸಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಿಕ್ಷಕರ ತರಬೇತಿಗೆ ಮಧುಗಿರಿಯಲ್ಲೇ ಡಯಟ್ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯವರನ್ನು ಡಯಟ್‌ನವರು ಇಲ್ಲಿಗೆ ಕರೆಸಬೇಕು, ರಮಾ-ಗೌರಮ್ಮ ಹಾಕಿಕೊಟ್ಟ ಕ್ರಮವನ್ನು ಕನ್ನಡದಲ್ಲಿ ಶಿಕ್ಷಕರ ಕೈಗೆ ಕೊಡಬೇಕು, ಗಡಿಯ ಮಕ್ಕಳಿಗಾಗಿ ಅದರ ತೆಲುಗು ರೂಪವನ್ನೂ ಸಿದ್ಧಮಾಡಿಸಬೇಕು. ಮೈಸೂರಿನಲ್ಲೇ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ನೆರವು ಕೇಳಿದರೆ ಮಕ್ಕಳ ಕಿವಿಯ ತಪಾಸಣೆಗೂ ದಾರಿಯಾಗುತ್ತದೆ. ಮೂರನೇ ತರಗತಿಯ ಮಕ್ಕಳಿಂದ, ಹೊಸಕೋಟೆಯಂಥ ಎರಡು ಭಾಷೆಯ ಊರುಗಳಿಂದ, ಬರುವ ಜೂನ್‌ನಲ್ಲಿ ಶಾಲೆ ತೆರೆದಾಗಲೇ ಇದನ್ನು ಶುರು ಮಾಡಿ ಎಂದು ಡಯಟ್‌ನವರನ್ನೂ ಶಿಕ್ಷಣ ಇಲಾಖೆಯವರನ್ನೂ ಕೇಳಿಕೊಳ್ಳುತ್ತೇನೆ.